ಕೊಳ್ಳುವ ಲೋಹ, ಕೊಡುವ ಲೋಹ

ಲೋಹವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಟ್ಟಿತನ; ಒಳಗೆ ಯಾವುದನ್ನೂ ಬಿಟ್ಟುಕೊಳ್ಳದೆ ಮುಚ್ಚಿ ನಿಂತ ವಸ್ತು. ಆದರೆ ಲೋಹಗಳಲ್ಲಿ ಕೆಲವು ಉಸಿರೆಳೆದುಕೊಳ್ಳುತ್ತವೆ ಎಂಬುದು ತಿಳಿದು ಒಂದೂವರೆ ಶತಮಾನಕ್ಕೂ ಮಿಗಿಲಾಯಿತು. ಆ ಕಥೆಯನ್ನೇ ಇಂದು ತಮ್ಮ ಮುಂದಿಡಲು ನಾನು ಬಯಸುತ್ತೇನೆ.

ಲಂಡನ್ನಿನ ಸರಕಾರಿ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಥಾಮಸ್ ಗ್ರಹಾಂ ರಸಾಯನಶಾಸ್ತ್ರದಲ್ಲಿ ಮಹಾ ಪಂಡಿತ. ಪೆಲ್ಲೇಡಿಯಂ ಎಂಬ ಲೋಹವು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಿಕೊಳ್ಳುವುದನ್ನು ಆತ ೧೮೬೬ರಲ್ಲಿ ತೋರಿಸಿಕೊಟ್ಟ. ಸೋಜಿಗವೇನೋ ನಿಜ, ಆದರೆ ಪೆಲ್ಲೇಡಿಯಂ ತೂಕದಲ್ಲಿ ಭಾರ, ಬೆಲೆಯಲ್ಲಿ ದುಬಾರಿ. ಇಂಧನದ ಉಗ್ರಾಣವಾಗಲು ಅದು ತಕ್ಕುದಲ್ಲ.

ಉಗ್ರಾಣಕ್ಕೆ ಬೇಕಾದುದು ಹಗುರವಾದ, ಹೇರಳವಾಗಿ ಸಿಗುವ ಲೋಹ. ಕಲ್ಲಿನಲ್ಲೂ ಕಡಲಿನ ನೀರಿನಲ್ಲೂ ಇರುವ ಮೆಗ್ನೀಸಿಯಂ ಅಂಥದು. ಅದು ಜಲಜನಕದೊಡನೆ ಕೂಡಿ ಆಗುವ ಹೈಡ್ರೈಡಿನ ತೂಕದಲ್ಲಿ ಶೇಕಡಾ ೭.೬ ಪಾಲು ಜಲಜನಕವೇ. ಒಂದು ಲೀಟರ್ ದ್ರವ ಜಲಜನಕದಲ್ಲಿ, ಅದನ್ನು ಸೊನ್ನೆಗಿಂತ ೨೫೩ ಡಿಗ್ರಿ ಕೆಳಗೆ ತಣಿಸಿದಾಗಲೂ, ಇರುವುದು ಸುಮಾರು ೭೧ ಗ್ರಾಂ. ಒಂದು ಲೀಟರ್ ಹೈಡ್ರೈಡಿನಲ್ಲಿ ಸುಮಾರು ೧೧೦ ಗ್ರಾಂ!

ಹಾಗಾದರೆ ತೊಡಕೇನು? ತೊಡಕುಗಳು ಎರಡು. ಮೆಗ್ನೀಸಿಯಂ ಗಟ್ಟಿಯ ಮೇಲುಮೈಯಲ್ಲಿ ಮೊದಲು ಹೈಡ್ರೈಡಿನ ಪದರ ಕಟ್ಟುತ್ತದೆ. ಆ ಪದರವನ್ನು ದಾಟಿ ಒಳಹೋಗುವುದು ಜಲಜನಕಕ್ಕೆ ಬಲು ನಿಧಾನದ ಕೆಲಸ. ಹೊಟ್ಟೆ ತುಂಬುವ ಮೊದಲೇ ಬಾಯಿ ಕಟ್ಟಿದಂತೆ. ಎರಡನೆಯದು ಇನ್ನೂ ಕಠಿಣ. ಕೊಂಡುದನ್ನು ಅದು ಸುಲಭವಾಗಿ ಬಿಡದು. ಸಾಮಾನ್ಯ ವಾಯುಭಾರದಲ್ಲಿ ಅದರಿಂದ ಜಲಜನಕವನ್ನು ಬಿಡಿಸಲು ಹೆಚ್ಚುಕಡಿಮೆ ೩೦೦ ಡಿಗ್ರಿಯ ಕಾವು ಬೇಕು. ಜಿಪುಣನ ಪೆಟ್ಟಿಗೆಯಲ್ಲಿ ಎಷ್ಟು ಹಣವಿದ್ದರೇನು?

೧೯೬೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ರೈಲಿ ಮತ್ತು ವಿಸ್ವಾಲ್ ಎರಡು ಪರಮಾಣು ಮೆಗ್ನೀಸಿಯಂಗೆ ಒಂದು ಪರಮಾಣು ನಿಕ್ಕಲ್ ಬೆರೆತ ಮಿಶ್ರಲೋಹವನ್ನು ಪರೀಕ್ಷಿಸಿದರು. ಜಿಪುಣತನ ತುಸು ಸಡಿಲಿತು. ಆದರೆ ಸಂಗ್ರಹ ಶೇಕಡಾ ೩.೬ಕ್ಕೆ ಇಳಿಯಿತು. ಅಂದಿನಿಂದ ಈ ಶಾಸ್ತ್ರದ ಚರಿತ್ರೆಯೆಲ್ಲ ಈ ಚೌಕಾಸಿಯ ಚರಿತ್ರೆಯೇ.

ಇದಕ್ಕೆ ಹೊಸ ಬೆಳಕು ಬಂದದ್ದು ತೆಳುವಾದ ಪೊರೆಗಳಿಂದ. ೧೯೯೬ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೈಬರ್ಟ್ಸ್, ಗ್ರಿಸೆನ್ ಮತ್ತು ಸಂಗಡಿಗರು ಯಿಟ್ರಿಯಂ, ಲ್ಯಾಂಥನಂ ಲೋಹಗಳ ಪೊರೆಗಳ ಮೇಲೆ ಪೆಲ್ಲೇಡಿಯಂ ಲೇಪ ಕೊಟ್ಟು ಜಲಜನಕ ಹಾಯಿಸಿದಾಗ, ಕನ್ನಡಿಯಂತೆ ಹೊಳೆಯುತ್ತಿದ್ದ ಪೊರೆ ಕಿಟಕಿಯಂತೆ ಪಾರದರ್ಶಕವಾಯಿತು. ಆ ಲೇಪ ಜಲಜನಕದ ಅಣುಗಳನ್ನು ಒಡೆದು ಒಳಬಿಡುತ್ತದೆ. ಗಾಳಿಯಿಂದ ಪೊರೆಯನ್ನು ಕಾಯುತ್ತದೆ. ೨೦೦೧ರಲ್ಲಿ ಬರ್ಕ್ಲಿಯ ರಿಚರ್ಡ್‌ಸನ್ ಮತ್ತು ಸಂಗಡಿಗರು ಮೆಗ್ನೀಸಿಯಂ-ನಿಕ್ಕಲ್ ಪೊರೆಗಳಲ್ಲಿಯೂ ಇಂಥದೇ ಮಾರ್ಪಾಡನ್ನು ತೋರಿಸಿದರು.

ಜಲಜನಕ ಎಷ್ಟು ಸೇರಿತೆಂಬುದನ್ನು ಹಾದುಬರುವ ಬೆಳಕೇ ಹೇಳುವುದಾದರೆ ತಕ್ಕಡಿಯ ಹಂಗೇಕೆ? ಆಮ್‌ಸ್ಟರ್‌ಡ್ಯಾಮಿನವರು ಒಂದೇ ಫಲಕದ ಮೇಲೆ ಮೆಗ್ನೀಸಿಯಂ, ಟೈಟಾನಿಯಂ, ನಿಕ್ಕಲ್‌ಗಳನ್ನು ಮೂಲೆಯಿಂದ ಮೂಲೆಗೆ ಬೇರೆ ಬೇರೆ ಪ್ರಮಾಣದಲ್ಲಿ ಹರಡಿ, ಯಾವ ಭಾಗ ಯಾವ ಒತ್ತಡದಲ್ಲಿ ತಿಳಿಯಾಗುತ್ತದೆಂದು ನೋಡಿ, ನೂರಾರು ಮಿಶ್ರಣಗಳನ್ನು ಒಮ್ಮೆಗೇ ಅಳೆಯುವ ವಿಧಾನವನ್ನು ೨೦೦೭ರಲ್ಲಿ ಪ್ರಕಟಿಸಿದರು.

ಕೂದಲೆಳೆಗಿಂತ ಎಷ್ಟೋ ತೆಳುವಾದ ಪೊರೆ ಯಾವ ಬಂಡಿಯನ್ನೂ ಓಡಿಸಲಾರದು. ಅದು ಉಗ್ರಾಣವಲ್ಲ, ಒರೆಗಲ್ಲು. ಚಿನ್ನ ತಿಳಿಯಲು ಅಕ್ಕಸಾಲಿಗನಿಗೆ ಒಂದು ಗೆರೆ ಸಾಕು. ಒಂದು ಎಚ್ಚರ ಮಾತ್ರ ಅವಶ್ಯ: ಜಲಜನಕ ಕುಡಿದ ಮೆಗ್ನೀಸಿಯಂ ಗಾತ್ರದಲ್ಲಿ ಸುಮಾರು ಶೇಕಡಾ ೩೦ರಷ್ಟು ಉಬ್ಬುತ್ತದೆ, ಗಾಜಿಗೆ ಅಂಟಿದ ಪೊರೆಗೆ ಹಾಗೆ ಉಬ್ಬುವ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಪೊರೆಯ ಸಾಕ್ಷ್ಯವನ್ನು ತೂಗಿ ನೋಡಿಯೇ ಗಟ್ಟಿಗೆ ಅನ್ವಯಿಸಬೇಕು.

ಇಂದಿಗೂ ಜಲಜನಕದ ಕಾರುಗಳು ಸಾಮಾನ್ಯವಾಗಿ ೭೦೦ ವಾಯುಭಾರದಷ್ಟು ಒತ್ತಿದ ಅನಿಲವನ್ನೇ ಹೊತ್ತು ತಿರುಗುತ್ತವೆ. ಬಿಸಿಲು, ಗಾಳಿಗಳಿಂದ ಪಡೆದ ಶಕ್ತಿಯನ್ನು ಇಲ್ಲದ ದಿನಕ್ಕೆ ಕೂಡಿಡಬೇಕಾದ ಕಾಲ ನಮ್ಮದು. ಅದಕ್ಕೆ ಬೇಕಾದುದು ಕೂಡಿಡಬಲ್ಲ ಲೋಹವಷ್ಟೇ ಅಲ್ಲ. ಕೇಳಿದಾಗ, ಹೆಚ್ಚು ಕಾಡಿಸದೆ, ಕೊಟ್ಟುಬಿಡುವ ಲೋಹ. ಹುಡುಕಾಟ ನಡೆದೇ ಇದೆ.