ಒಸಡಿನ ಚಿಕಿತ್ಸೆ ಮತ್ತು ರಕ್ತದ ಸಕ್ಕರೆ: ಎರಡು ಪ್ರಯೋಗಗಳ ಮರುಓದು

ಮಧುಮೇಹ ಹತೋಟಿಯಲ್ಲಿಲ್ಲದವರ ಒಸಡು ಬೇಗ ಹಾಳಾಗುತ್ತದೆ ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ. 1993ರಲ್ಲಿ ಹಾರಾಲ್ಡ್ ಲೋ ಒಸಡಿನ ಕಾಯಿಲೆಯನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದರು. ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳ ಸಾಲಿಗೆ ಬಾಯಿಯೂ ಸೇರಿತು. ತಕರಾರು ಇರುವುದು ಅದರ ಮರುದಾರಿಯ ಬಗ್ಗೆ: ಒಸಡಿಗೆ ಚಿಕಿತ್ಸೆ ಮಾಡಿದರೆ ಸಕ್ಕರೆ ಇಳಿಯುತ್ತದೆಯೇ? 2013ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ ಇಲ್ಲವೆಂದಿತು. 2018ರಲ್ಲಿ ಲಂಡನ್ನಿನ ಇನ್ನೊಂದು ಪ್ರಯೋಗ ಹೌದೆಂದಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಅವು ಕೇಳಿದ ಪ್ರಶ್ನೆಯೇ ಒಂದಲ್ಲ ಎಂಬುದು ಈ ಲೇಖನದ ವಾದ. ಒಂದು, ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ ಎಂದು ನೋಡಿತು. ಇನ್ನೊಂದು, ಒಸಡು ವಾಸಿಯಾದರೆ ಏನಾಗುತ್ತದೆ ಎಂಬುದರ ಹತ್ತಿರಕ್ಕೆ ಬಂತು.

ಪ್ರಶ್ನೆ ಹೊಸದಲ್ಲ. 1960ರಲ್ಲೇ ವಿಲಿಯಮ್ಸ್ ಮತ್ತು ಮಾಹನ್ ಒಂಬತ್ತು ಮಂದಿ ಮಧುಮೇಹಿಗಳ ಒಸಡಿಗೆ ಚಿಕಿತ್ಸೆ ಮಾಡಿ, ಏಳು ಮಂದಿಯಲ್ಲಿ ಇನ್ಸುಲಿನ್ನಿನ ಅಗತ್ಯ ಗಮನಾರ್ಹವಾಗಿ ತಗ್ಗಿತೆಂದು ವರದಿ ಮಾಡಿದ್ದರು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ಅದನ್ನು ಸುಳಿವೆಂದು ಎಣಿಸಬಹುದೇ ಹೊರತು ಪುರಾವೆಯೆಂದಲ್ಲ. ಟೈಪ್ 2 ಮಧುಮೇಹ ಅತಿಯಾಗಿ ಕಾಣುವ ಅರಿಜೋನಾದ ಪೀಮಾ ಜನರ ನಡುವೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ಗಟ್ಟಿಯಾದುದು. ಮೊದಲ ತಪಾಸಣೆಯಲ್ಲಿ ಒಸಡಿನ ಕಾಯಿಲೆ ತೀವ್ರವಾಗಿದ್ದವರಲ್ಲಿ ಮುಂದೆ ಸಕ್ಕರೆಯ ಹತೋಟಿ ಹದಗೆಡುವ ಸಂಭವ ಹೆಚ್ಚೆಂದು ಅದು ತೋರಿಸಿತು.

ಇದರ ಹಿಂದಿನ ಜೈವಿಕ ಕಾರಣ ಸಾಕಷ್ಟು ಸ್ಪಷ್ಟವಾಗಿದೆ. ಹಲ್ಲಿಗೂ ಒಸಡಿಗೂ ನಡುವೆ ಪಾಕೆಟ್ ಆಳವಾದಂತೆ ಅದರ ಒಳಗೋಡೆಯಲ್ಲಿ ಸಣ್ಣ ಹುಣ್ಣುಗಳಾಗುತ್ತವೆ. ಅಲ್ಲಿಂದ ಬ್ಯಾಕ್ಟೀರಿಯಾಗಳೂ ಅವುಗಳ ವಿಷಾಂಶಗಳೂ ರಕ್ತಕ್ಕೆ ಇಳಿಯುತ್ತವೆ. ಉರಿಯೂತದ ಸಂದೇಶವಾಹಕಗಳಾದ ಟಿಎನ್ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಹೆಚ್ಚಿದಾಗ ಜೀವಕೋಶದೊಳಗೆ ಇನ್ಸುಲಿನ್ನಿನ ಸಂಕೇತ ಸಾಗುವ ದಾರಿಗೆ ಅಡ್ಡಿಯಾಗುತ್ತದೆ; ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಅತ್ತ ಏರಿದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಒಸಡಿನ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಇಲ್ಲಿ ಹಾನಿ ಮಾಡುವುದು ಉರಿಯೂತ. ಹಾಗಾಗಿ ಚಿಕಿತ್ಸೆ ನಡೆಯಿತು ಎಂಬುದಕ್ಕಿಂತ ಉರಿಯೂತ ಆರಿತು ಎಂಬುದೇ ಮುಖ್ಯ. ಪ್ರಯೋಗಗಳನ್ನು ಓದುವಾಗ ಈ ವ್ಯತ್ಯಾಸ ಕೈಬಿಟ್ಟುಹೋಗಿದೆ.

2013ರಲ್ಲಿ ಎಂಗೆಬ್ರೆಟ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 514 ಮಂದಿ ಇದ್ದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಅವರಲ್ಲಿ 7ರಿಂದ 9%ರ ಒಳಗಿತ್ತು. ಚಿಕಿತ್ಸೆಯ ಗುಂಪಿಗೆ ಹಲ್ಲು ಮತ್ತು ಬೇರಿನ ಮೇಲಿನ ಕಿಟ್ಟ ತೆಗೆಯುವ ಸ್ಕೇಲಿಂಗ್, ರೂಟ್ ಪ್ಲೇನಿಂಗ್ ಮಾಡಿ, ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಕೊಟ್ಟರು. ಆರು ತಿಂಗಳಿಗೆ ಎಚ್‌ಬಿಎ1ಸಿ ಚಿಕಿತ್ಸೆ ಪಡೆದವರಲ್ಲಿ 0.17, ಪಡೆಯದವರಲ್ಲಿ 0.11 ಶೇಕಡಾಂಶ ಏರಿತ್ತು. ಮುಂದುವರಿಸಿ ಫಲವಿಲ್ಲವೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಇಷ್ಟನ್ನೇ ಓದಿದವರಿಗೆ ವಿಷಯ ಅಲ್ಲಿಗೆ ಮುಗಿದಂತೆ ಕಾಣುತ್ತದೆ. ಆದರೆ ಅದೇ ವರದಿಯ ಒಸಡಿನ ಅಂಕಿಗಳನ್ನು ನೋಡಬೇಕು. ಚಿಕಿತ್ಸೆಯ ನಂತರವೂ ಶಲಾಕೆ ಇಟ್ಟು ನೋಡಿದ ಜಾಗಗಳ ಪೈಕಿ ಸುಮಾರು 40%ರಲ್ಲಿ ರಕ್ತ ಒಸರುತ್ತಿತ್ತು. ಹಲ್ಲಿನ ಬಹುಪಾಲು ಮೇಲ್ಮೈಗಳಲ್ಲಿ ಪಾಚಿ ಹಾಗೇ ಇತ್ತು. ರಕ್ತದೊತ್ತಡದ ಮಾತ್ರೆ ಕೊಟ್ಟು, ಒತ್ತಡ ಇಳಿಯದಿದ್ದರೂ ಲೆಕ್ಕಿಸದೆ, ಪಾರ್ಶ್ವವಾಯು ತಪ್ಪಲಿಲ್ಲವಾದ್ದರಿಂದ ಒತ್ತಡಕ್ಕೂ ಅದಕ್ಕೂ ನಂಟಿಲ್ಲ ಎಂದರೆ ಯಾವ ವೈದ್ಯರೂ ಒಪ್ಪುವುದಿಲ್ಲ. ಒಸಡಿನ ವಿಷಯದಲ್ಲಿ ನಡೆದದ್ದು ಅದೇ ಬಗೆಯ ತೀರ್ಮಾನ.

ಲಂಡನ್ನಿನ ಈಸ್ಟ್‌ಮನ್ ಸಂಸ್ಥೆಯಲ್ಲಿ ಡಯೂಟೊ ಮತ್ತು ಸಂಗಡಿಗರು 264 ಮಂದಿ ಟೈಪ್ 2 ಮಧುಮೇಹಿಗಳೊಂದಿಗೆ ನಡೆಸಿದ ಪ್ರಯೋಗ ಹನ್ನೆರಡು ತಿಂಗಳದು. ಇಲ್ಲಿ ಒಸಡಿನ ಕೆಳಗಿನ ಕಿಟ್ಟ ತೆಗೆದದ್ದು ಮೊದಲ ಹಂತ ಮಾತ್ರ. ಆಳದ ಪಾಕೆಟ್‌ಗಳು ಉಳಿದಿದ್ದು, ರೋಗಿ ಬಾಯಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬಲ್ಲವರಾಗಿದ್ದರೆ ಶಸ್ತ್ರಚಿಕಿತ್ಸೆ. ಆಮೇಲೆ ವರ್ಷ ತುಂಬುವವರೆಗೂ ಮೂರು ತಿಂಗಳಿಗೊಮ್ಮೆ ನಿರ್ವಹಣೆ. ಹೋಲಿಕೆಯ ಗುಂಪನ್ನು ಅಷ್ಟೇ ಸಲ ಕರೆದು ಒಸಡಿನ ಮೇಲ್ಭಾಗವನ್ನಷ್ಟೇ ಶುಚಿ ಮಾಡಿದರು. ವರ್ಷದ ಕೊನೆಗೆ, ವಯಸ್ಸು, ಧೂಮಪಾನ, ಮಧುಮೇಹದ ಅವಧಿ ಮುಂತಾದವನ್ನು ಸರಿದೂಗಿಸಿದ ಮೇಲೆ, ಪೂರ್ಣ ಚಿಕಿತ್ಸೆ ಪಡೆದವರ ಎಚ್‌ಬಿಎ1ಸಿ 0.6 ಶೇಕಡಾಂಶ ಕೆಳಗಿತ್ತು. ರಕ್ತನಾಳ, ಮೂತ್ರಪಿಂಡಗಳ ಕೆಲಸವೂ ಸುಧಾರಿಸಿತ್ತು.

ಎಚ್ಚರದ ಮಾತನ್ನೂ ಇಲ್ಲೇ ಹೇಳಬೇಕು. ಸುಮಾರು 8.1%ರಿಂದ ಹೊರಟ ಎರಡು ಗುಂಪುಗಳು ಸರಿದೂಗಿಸುವ ಮೊದಲಿನ ಲೆಕ್ಕದಲ್ಲಿ ತಲುಪಿದ್ದು 7.8% ಮತ್ತು 8.3%ಕ್ಕೆ. ಎಂದರೆ ಅಂತರದ ಒಂದು ಪಾಲು ಇಳಿಕೆಯದು, ಇನ್ನೊಂದು ಪಾಲು ಹೋಲಿಕೆಯ ಗುಂಪಿನ ಏರಿಕೆಯದು. ಮೇಲಾಗಿ ಇದು ಒಂದೇ ಕೇಂದ್ರದ ಪ್ರಯೋಗ. ಫಲ ಕಾಣದ ಪ್ರಯೋಗಕ್ಕೆ ಆಮೇಲೆ ಕಾರಣ ಹುಡುಕುವುದು ಸುಲಭ ಎಂಬ ಆಕ್ಷೇಪವೂ ನ್ಯಾಯವೇ. ಹಾಗಿದ್ದರೂ ಒಟ್ಟು ಸಾಕ್ಷ್ಯ ವಾಲಿರುವ ಕಡೆ ಸ್ಪಷ್ಟ. 2022ರ ಕಾಕ್ರೇನ್ ಪರಾಮರ್ಶೆ 35 ಅಧ್ಯಯನಗಳ 3,249 ಮಂದಿಯನ್ನು ಪರಿಗಣಿಸಿ, ಮೂರು-ನಾಲ್ಕು ತಿಂಗಳಿಗೆ 0.43, ಆರು ತಿಂಗಳಿಗೆ 0.30 ಶೇಕಡಾಂಶದ ಇಳಿಕೆ ಕಂಡಿತು; ಅದರ ಖಚಿತತೆ ಮಧ್ಯಮ ಮಟ್ಟದ್ದೆಂದಿತು. 2015ರಲ್ಲಿ ಇದೇ ಪರಾಮರ್ಶೆ ಮೊದಲ ಅವಧಿಗೆ ಕೊಟ್ಟಿದ್ದ ಅಂಕಿ 0.29. ಮೂರು ತಿಂಗಳ ಫಲ ಆರು ತಿಂಗಳಿಗೆ ಕರಗುವುದನ್ನು ನಾನು ಚಿಕಿತ್ಸೆಯ ಸೋಲೆಂದು ಓದುವುದಿಲ್ಲ. ಒಮ್ಮೆ ತೆಗೆದ ಪಾಚಿ ಮತ್ತೆ ಕಟ್ಟುತ್ತದೆ, ನಿರ್ವಹಣೆ ಇಲ್ಲದ ಕಡೆ ಪಾಕೆಟ್ ಮತ್ತೆ ಕೆರಳುತ್ತದೆ.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಅಂದಾಜಿಸಿತು. ನಮ್ಮ ಕಡೆ ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ನಿಜವಾಗಿ, ಮೂಳೆ ಸವೆದು ಆಗಲೇ ಸಡಿಲವಾದ ಹಲ್ಲನ್ನು ಕಿಟ್ಟವೇ ಹಿಡಿದಿಟ್ಟಿರುತ್ತದೆ. ಅದು ಹೋದಾಗ ಇದ್ದ ಸಡಿಲ ಅನುಭವಕ್ಕೆ ಬರುತ್ತದೆ. ಉಜ್ಜುವಾಗ ರಕ್ತ ಬಂದರೆ ಆ ಜಾಗವನ್ನು ಉಜ್ಜದೇ ಬಿಡುವವರೂ ಇದ್ದಾರೆ, ಕಾಯಿಲೆ ಬೆಳೆಯಲು ಅಷ್ಟೇ ಸಾಕು. ಹೀಗಿರುವಾಗ ಒಂದು ಸಲದ ಸ್ಕೇಲಿಂಗ್‌ನಿಂದ ಅಮೆರಿಕದ ಪ್ರಯೋಗದ ಫಲಿತಾಂಶವೇ ಇಲ್ಲೂ ಬಂದೀತು. 2014ರಲ್ಲಿ ಆರಂಭವಾದ ಕರ್ನಾಟಕದ ದಂತಭಾಗ್ಯ ಯೋಜನೆ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕಟ್ಟಿದ ಹಲ್ಲು ಕೊಟ್ಟಿತು. ಅದು ಬೇಕಾದ ಕೆಲಸವೇ. ಆದರೆ ಸಕ್ಕರೆಯ ದೃಷ್ಟಿಯಿಂದ ಹಣ ಮೊದಲು ಸಲ್ಲಬೇಕಾದದ್ದು ಹಲ್ಲು ಇನ್ನೂ ಬಾಯಲ್ಲಿರುವ, ಒಸಡು ರಕ್ತ ಕಾರುತ್ತಿರುವ ನಲವತ್ತು-ಐವತ್ತರ ವಯಸ್ಸಿನವರಿಗೆ. ಸಕ್ಕರೆ ಪರೀಕ್ಷೆಗೆ ಬಂದವರ ಕಣ್ಣು, ಪಾದ ನೋಡುವಂತೆಯೇ ಬಾಯಿಯನ್ನೂ ನೋಡಿ, ದಂತವೈದ್ಯರ ಬಳಿಗೆ ಕಳಿಸುವ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು.

ಮುಂದಿನ ಪ್ರಯೋಗಗಳು ಎಷ್ಟು ಗಂಟೆ ಸ್ಕೇಲಿಂಗ್ ನಡೆಯಿತು ಎಂದು ಬರೆದರೆ ಸಾಲದು. ಚಿಕಿತ್ಸೆಯಾದ ಮೂರು ತಿಂಗಳಿಗೆ ಶಲಾಕೆ ಇಟ್ಟು ನೋಡಿ, ರಕ್ತ ಬಂದ ಜಾಗಗಳನ್ನೂ ಉಳಿದ ಪಾಕೆಟ್‌ಗಳ ಆಳವನ್ನೂ ಪ್ರತಿ ರೋಗಿಯ ಎಚ್‌ಬಿಎ1ಸಿಯ ಪಕ್ಕದಲ್ಲೇ ದಾಖಲಿಸಬೇಕು. ಒಸಡು ವಾಸಿಯಾದವರನ್ನೂ ಆಗದವರನ್ನೂ ಬೇರೆಯಾಗಿ ಲೆಕ್ಕಹಾಕುವುದೆಂದು ಪ್ರಯೋಗ ಶುರುವಾಗುವ ಮೊದಲೇ ಬರೆದಿಟ್ಟರೆ, ಆಮೇಲೆ ಕಾರಣ ಹುಡುಕಿದರೆಂಬ ಆಕ್ಷೇಪಕ್ಕೂ ಎಡೆಯಿರುವುದಿಲ್ಲ.