ಚದುರಂಗದಲ್ಲಿ ರಾಜನ ಗತಿ

ಪ್ರಾಚೀನ ಗ್ರಂಥಗಳಲ್ಲಿ ಬರುವ ಚದುರಂಗದ ಪ್ರಸ್ತಾಪಗಳನ್ನು ಇಂದಿನ ಆಟದ ನಿಯಮಗಳಿಂದಲೇ ವ್ಯಾಖ್ಯಾನಿಸುವ ವಾಡಿಕೆಯುಂಟು. ಇದರಿಂದ ಅರ್ಥವು ಕೆಡುವ ಸಂಭವವಿದೆ. ಆಟದ ಹೆಸರು ಒಂದೇ ಆಗಿದ್ದರೂ ಕಾಯಿಗಳ ನಡೆ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಅದರಲ್ಲಿ ಸ್ಥಿರವಾದುದು ಯಾವುದು, ಆಗಂತುಕವಾದುದು ಯಾವುದು ಎಂಬುದನ್ನು ನಿರ್ಣಯಿಸುವುದಕ್ಕೆ ರಾಜನ ಗತಿಯು ತಕ್ಕ ಸಾಧನವಾಗಿದೆ. ವೈಯಾಕರಣರ ರೀತಿಯಿಂದ ವಿಂಗಡಿಸಿದರೆ ಅದರಲ್ಲಿ ಉತ್ಸರ್ಗ, ನಿಷೇಧ, ಅಪವಾದಗಳೆಂಬ ಮೂರು ಭಾಗಗಳು ತೋರುತ್ತವೆ.

ರಾಜನು ಎಂಟು ದಿಕ್ಕುಗಳಲ್ಲಿಯೂ ಒಂದೊಂದೇ ಮನೆ ನಡೆಯುವನೆಂಬುದು ಉತ್ಸರ್ಗ. 7ನೆಯ ಶತಮಾನದ ಬಾಣನು ಹರ್ಷಚರಿತದಲ್ಲಿ ಅಷ್ಟಾಪದವನ್ನೂ ಚತುರಂಗವನ್ನೂ ಶ್ಲೇಷೆಯಿಂದ ಸೂಚಿಸುತ್ತಾನೆಯೇ ಹೊರತು ನಡೆಗಳನ್ನು ಹೇಳುವುದಿಲ್ಲ. ಆಟವನ್ನು ವಿವರವಾಗಿ ನಿರೂಪಿಸುವ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಮುಖ್ಯವಾದುದು. ಅಲ್ಲಿಯೂ, ಪಾರಸೀಕರ ಮತ್ತು ಅರಬರ ಶತರಂಜದಲ್ಲಿಯೂ ರಾಜನ ಗತಿ ಇದೇ. ಶತರಂಜದ ಮಂತ್ರಿಯು ಮೂಲೆಗೆ ಒಂದು ಮನೆ ಮಾತ್ರ ನಡೆಯುವ ದುರ್ಬಲನಾಗಿದ್ದನು. 15ನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಅವನೇ ಎಲ್ಲರಿಗಿಂತ ಬಲಿಷ್ಠನಾದನು. ರಾಜನ ಹೆಜ್ಜೆಯಾದರೋ ಆಗಲೂ ಬದಲಾಗಲಿಲ್ಲ.

ಎದುರಾಳಿಯ ಕಾಯಿಯ ಹೊಡೆತಕ್ಕೆ ಸಿಕ್ಕುವ ಮನೆಯನ್ನು ರಾಜನು ಪ್ರವೇಶಿಸಬಾರದೆಂಬುದು ನಿಷೇಧ. ಇದರ ಫಲವಾಗಿ ರಾಜನು ಹತನಾಗುವುದಿಲ್ಲ; ಅಪಾಯದಿಂದ ಪಾರಾಗುವ ದಾರಿ ಮುಚ್ಚಿದೊಡನೆಯೇ ಆಟವು ಮುಗಿಯುತ್ತದೆ. ಆದರೆ ಈ ನಿಷೇಧವು ಸಾರ್ವತ್ರಿಕವಲ್ಲ. 16ನೆಯ ಶತಮಾನದ ವಂಗದೇಶದ ರಘುನಂದನನು ತಿಥಿತತ್ತ್ವದಲ್ಲಿ ಹೇಳಿರುವ, ನಾಲ್ವರು ದಾಳ ಹಾಕಿ ಆಡುವ ಚತುರಂಗದಲ್ಲಿ ರಾಜನನ್ನೂ ಇತರ ಕಾಯಿಗಳಂತೆ ಹೊಡೆಯಬಹುದು. ಪರರಾಜನ ಸ್ಥಾನವನ್ನು ಆಕ್ರಮಿಸುವುದಕ್ಕೆ ಅಲ್ಲಿ ‘ಸಿಂಹಾಸನ’ವೆಂದೂ, ತನ್ನ ರಾಜನನ್ನು ಉಳಿಸಿಕೊಂಡು ಉಳಿದ ಮೂವರನ್ನೂ ಹಿಡಿಯುವುದಕ್ಕೆ ‘ಚತುರಾಜೀ’ ಎಂದೂ ಸಂಜ್ಞೆ. ಆದಕಾರಣ ‘ರಾಜನು ಅವಧ್ಯ’ನೆಂಬ ನಿಯಮವನ್ನು ಇಬ್ಬರಾಡುವ ಆಟಕ್ಕೆ ಸೇರಿದುದೆಂದು ತಿಳಿಯಬೇಕು.

ಇನ್ನು ಅಪವಾದ. ನಡುವೆ ನಿಂತ ರಾಜನನ್ನು ಸುರಕ್ಷಿತವಾದ ಮೂಲೆಗೆ ಶೀಘ್ರವಾಗಿ ಸೇರಿಸುವುದೇ ಇದರ ಪ್ರಯೋಜನ. ಯೂರೋಪಿನಲ್ಲಿ ಮಧ್ಯಯುಗದ ರಾಜನಿಗೆ ಮೊದಲ ನಡೆಯಲ್ಲಿ ದೂರ ನೆಗೆಯುವ ಅಧಿಕಾರವಿದ್ದಿತು. ಅದೇ ಕ್ರಮೇಣ ಪರಿಷ್ಕೃತವಾಗಿ, ರಾಜನು ಮೂಲೆಯ ಕಾಯಿಯ ಕಡೆಗೆ ಎರಡು ಮನೆ ಸರಿದು, ಆ ಕಾಯಿಯು ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವ ‘ಕೋಟೆ ಕಟ್ಟುವ’ ನಿಯಮವಾಯಿತು. ಭಾರತದ ದೇಶೀಯ ಆಟದಲ್ಲಿ ಕೋಟೆಯಿಲ್ಲ. ಅದಕ್ಕೆ ಬದಲಾಗಿ ರಾಜನು ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಅದಕ್ಕಿಂತ ಮೊದಲು ಒಮ್ಮೆ ‘ಷಹ’ ಬಿದ್ದರೆ ಈ ಅಧಿಕಾರವು ಶಾಶ್ವತವಾಗಿ ನಷ್ಟವಾಗುವುದೆಂಬುದು ಪ್ರಸಿದ್ಧವಾದ ಕಟ್ಟಳೆ. ಕೋಟೆಯ ನಿಯಮದಲ್ಲಾದರೋ ‘ಷಹ’ವಿರುವಾಗ ಮಾತ್ರ ತಡೆ; ರಾಜನು ಕದಲದೆ ಅದನ್ನು ನಿವಾರಿಸಿಕೊಂಡರೆ ಅಧಿಕಾರವು ಉಳಿಯುತ್ತದೆ.

ಕುದುರೆನೆಗೆತವನ್ನು ಕೆಲವರು ಗ್ರಾಮ್ಯರ ಪ್ರಮಾದವೆಂದು ತಳ್ಳುವರು. ಕೆಲವರು ಅದನ್ನೇ ಆದಿಶಾಸ್ತ್ರವೆಂದು ಕೊಂಡಾಡುವರು. ಎರಡೂ ಪಕ್ಷಗಳು ನಿಲ್ಲುವುದಿಲ್ಲ. ಶತರಂಜದಲ್ಲಿ ಕೋಟೆಯೂ ಇಲ್ಲ, ನೆಗೆತವೂ ಇಲ್ಲ. ಆದುದರಿಂದ ಇವನ್ನು ಒಂದೇ ಉತ್ಸರ್ಗದ ಮೇಲೆ ಎರಡು ದೇಶಗಳು ಮಾಡಿಕೊಂಡ ವಿಧಿಗಳೆಂದು ತಿಳಿಯುವುದು ಯುಕ್ತ. ದೇಶೀಯ ಪದ್ಧತಿಯಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನನು ಯೂರೋಪಿನ ನಿಯಮಗಳನ್ನು ಆಮೇಲೆ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನೆಂಬುದನ್ನು ನೆನೆದರೆ, ದೇಶೀಯ ಆಟವು ಬುದ್ಧಿಗೆ ಕಡಮೆಯ ಶಿಕ್ಷಣವನ್ನು ಕೊಡುತ್ತಿರಲಿಲ್ಲವೆಂಬುದು ಸ್ಪಷ್ಟ.

ಇಂದು ಲೋಕಕ್ಕೆಲ್ಲ ಒಂದೇ ನಿಯಮವು ಹರಡಿ, ಕುದುರೆನೆಗೆತವು ವಿರಳವಾಗಿದೆ. ಆಟಕ್ಕೆ ಇದರಿಂದ ಕೊರತೆಯಿಲ್ಲದಿರಬಹುದು. ಹಳೆಯ ಗ್ರಂಥವನ್ನು ಪಾಠಹೇಳುವವರಿಗೆ ಮಾತ್ರ ಆ ವಿಧಿಗಳ ವಿವೇಕವು ಅವಶ್ಯಕ. ಅದಿಲ್ಲದಿದ್ದರೆ ಸೋಮೇಶ್ವರನ ಹಾಸಿನ ಮೇಲೆ ಯೂರೋಪಿನ ಕೋಟೆಯನ್ನು ಕಟ್ಟಿದಂತಾದೀತು.