ಸ್ಟ್ಯಾಟಿನ್ ಮಾತ್ರೆ ಮತ್ತು ಕೋವಿಡ್

ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್‌ಗೆ ಉರಿಯೂತ ತಗ್ಗಿಸುವ ಗುಣವೂ ಇದೆ. ಕೋವಿಡ್ ಕಾಲದಲ್ಲಿ ಅದರ ಮೇಲೆ ಆಸೆ ಹುಟ್ಟಿದ್ದು ಅದಕ್ಕೇ. 2020ರಲ್ಲಿ ಚೀನಾದ ಹುಬೇಯಲ್ಲಿ ಆಸ್ಪತ್ರೆ ಸೇರಿದ್ದ 13,981 ಜನರ ದಾಖಲೆ ನೋಡಿದರೆ, ಮಾತ್ರೆ ಪಡೆದವರಲ್ಲಿ 28 ದಿನದೊಳಗಿನ ಸಾವು ಶೇ. 5.2, ಹೋಲಿಕೆಯ ಗುಂಪಿನಲ್ಲಿ ಶೇ. 9.4. ಆದರೆ ದಾಖಲೆ ನೋಡೋದು ಬೇರೆ, ಚೀಟಿ ಎತ್ತಿದಂತೆ ರೋಗಿಗಳನ್ನು ವಿಂಗಡಿಸಿ ಕೊಟ್ಟು ನೋಡೋದು ಬೇರೆ. ಇರಾನಿನ ಐಸಿಯುಗಳಲ್ಲಿ ಹಾಗೆ ಕೊಟ್ಟ ಅಟೊರ್ವಾಸ್ಟ್ಯಾಟಿನ್ ಗಮನಾರ್ಹ ಲಾಭ ತೋರಲಿಲ್ಲ. 2023ರ ರೀಮ್ಯಾಪ್-ಕ್ಯಾಪ್ ವರದಿಯಲ್ಲಿ ಸಿಮ್ವಾಸ್ಟ್ಯಾಟಿನ್ ಲಾಭದ ಸಾಧ್ಯತೆ ಶೇ. 95.9, ನಿಗದಿಯಾಗಿದ್ದ ಶೇ. 99 ಮುಟ್ಟಲಿಲ್ಲ.

ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2-3ರಂದು 24 ಮಂದಿ ಸತ್ತದ್ದು ಆಕ್ಸಿಜನ್ ಕೊರತೆಯ ನಡುವೆ. ಅಲ್ಲಿ ಯಾವ ಮಾತ್ರೆ ತಾನೇ ಏನು ಮಾಡೀತು? ಆದರೂ ಹೃದಯಕ್ಕಾಗಿ ಸ್ಟ್ಯಾಟಿನ್ ನುಂಗ್ತಿರೋರು ಜ್ವರ ಬಂತೆಂದು ತಾವೇ ನಿಲ್ಲಿಸಬಾರದು. ಪ್ಯಾಕ್ಸ್‌ಲೋವಿಡ್ ಕೊಡುವಾಗ ಸಿಮ್ವಾಸ್ಟ್ಯಾಟಿನ್ ಕೂಡದು; ಅದನ್ನು ವೈದ್ಯರಿಗೆ ಮೊದಲೇ ಹೇಳಿ.